ಬಾಯಿ ನಕ್ಕರೆ ಕಣ್ಣು ಮುಚ್ಚುವ ಮುಖಕ್ಕೆ ಬೊಟಾಕ್ಸ್: ಸೂಜಿಗೆ ಮುಂಚೆ, ಸೂಜಿಯ ದಿನ, ಆಮೇಲಿನ ಮೂರು ತಿಂಗಳು

ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಸ್ಟಾಫ್ ರೂಮಿಗೆ ಬಂದು, ತಲೆ ತಗ್ಗಿಸಿಕೊಂಡೇ, "ಮಿಸ್, ನೀವು ಪದ್ಯ ಓದುವಾಗ ಕಣ್ಣು ಹೊಡೀತೀರ ಅಂತ ಹುಡುಗರು ಆಡ್ಕೋತಾರೆ" ಅಂದಳು. ಅವತ್ತು ಸಂಜೆ ಮನೆಗೆ ಬಂದವಳೇ ಕನ್ನಡಿ ಮುಂದೆ ನಿಂತು ವರ್ಣಮಾಲೆ ಒಪ್ಪಿಸಿದೆ. ಕ ಖ ಗ ಘ, ಏನೂ ಆಗಲಿಲ್ಲ. ಟ ಠ, ತ ಥ, ಆಗಲೂ ಇಲ್ಲ. ಪ ಫ ಬ ಭ ಮ ಬಂತು ನೋಡಿ, ಎಡಗಣ್ಣು ಒಂದೊಂದು ಅಕ್ಷರಕ್ಕೂ ಒಂದೊಂದು ಸಲ ಮಿಟುಕಿತು. ಎರಡು ತುಟಿ ಸೇರಿದರೆ ಸಾಕು, ಕಣ್ಣೂ ಸೇರುತ್ತಿತ್ತು.

ಅದಕ್ಕೆ ಹದಿನಾಲ್ಕು ತಿಂಗಳ ಹಿಂದೆ ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಎಡತುದಿಯಿಂದ ಸೋರಿ ಸೀರೆ ಒದ್ದೆಯಾಗಿತ್ತು. ಬೆಲ್ಸ್ ಪಾಲ್ಸಿ, ಅಂದರೆ ಮುಖದ ನರ ಸೋತು ಅರ್ಧ ಮುಖಕ್ಕೆ ಬಡಿಯುವ ಲಕ್ವ. ಊರಿನವರ ಮಾತಲ್ಲಿ 'ಮುಖಕ್ಕೆ ಗಾಳಿ ಹೊಡೆದಿದೆ', 'ಬಾಯಿ ಸೊಟ್ಟ ಆಗಿದೆ'. ಆಯುರ್ವೇದದವರು ಅರ್ದಿತ ಅನ್ನುತ್ತಾರೆ. ಈ ಕಾಯಿಲೆಯಲ್ಲಿ ಹೆಚ್ಚಿನವರು, ಅಂದರೆ ನೂರರಲ್ಲಿ ಸುಮಾರು 70 ಮಂದಿ, ಔಷಧಿ ಇಲ್ಲದೆಯೂ ಪೂರ್ತಿ ಸರಿಹೋಗುತ್ತಾರೆ. 72 ಗಂಟೆಯೊಳಗೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಶುರುವಾದರೆ ಆ ಸಂಖ್ಯೆ ಇನ್ನೂ ಏರುತ್ತದೆ. ನಾನು ಆ 72 ಗಂಟೆಯನ್ನು ಸೊಪ್ಪಿನ ರಸಕ್ಕೂ ಬಂಧುಗಳ ಸಲಹೆಗೂ ಕೊಟ್ಟು, ಆರನೇ ದಿನ ಆಸ್ಪತ್ರೆ ಮೆಟ್ಟಿಲು ಹತ್ತಿದವಳು. ಉಳಿದ ಮೂವತ್ತರ ಗುಂಪಿಗೆ ಸೇರಿದೆ.

ಆ ಗುಂಪಿನವರಿಗಾಗಿ ಈ ಬರಹ. ಏಳು ಸಲ ಸೂಜಿ ಹಾಕಿಸಿಕೊಂಡು, ಒಂದು ಸಲ ಕೆಟ್ಟು, ಆರು ಸಲ ಸುಧಾರಿಸಿಕೊಂಡ ಅನುಭವ ನನ್ನದು. ನಾನು ವೈದ್ಯೆ ಅಲ್ಲ. ಎಲ್ಲಿ, ಎಷ್ಟು ಅನ್ನುವುದನ್ನು ತೀರ್ಮಾನಿಸಬೇಕಾದವರು ನಿಮ್ಮ ಮುಖವನ್ನು ಮುಟ್ಟಿ ನೋಡಿದ ಡಾಕ್ಟರು.

ಮೊದಲು ಒಂದು ತಪ್ಪು ಕಲ್ಪನೆ

ಜೋತುಬಿದ್ದ ಮುಖವನ್ನು ಬೊಟಾಕ್ಸ್ ಎತ್ತುವುದಿಲ್ಲ. ಅದು ಸ್ನಾಯುವನ್ನು ಸುಮ್ಮನಾಗಿಸುವ ವಸ್ತು. ನರದ ತುದಿಯಿಂದ ಸ್ನಾಯುವಿಗೆ 'ಎಳೆ' ಎಂದು ಹೇಳುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಗೆ ಬರದಂತೆ ತಡೆಯುತ್ತದೆ, ಅಷ್ಟೇ ಅದರ ಕೆಲಸ. ಹಾಗಾದರೆ ಲಕ್ವ ಹೊಡೆದ ಮುಖಕ್ಕೆ ಮತ್ತೊಂದು ಲಕ್ವ ಯಾಕೆ? ನಮ್ಮ ಯಜಮಾನರು ಕೇಳಿದ ಮೊದಲ ಪ್ರಶ್ನೆಯೂ ಇದೇ. ಪ್ರಶ್ನೆ ಸರಿಯಾಗಿಯೇ ಇತ್ತು.

ಮುಖದ ನರ ಒಂದೇ ಹಗ್ಗದಂತೆ ಕಿವಿಯ ಹಿಂದಿನ ಮೂಳೆಯ ಸಂದಿಯಿಂದ ಹೊರಬಂದು, ಕೆನ್ನೆಯಲ್ಲಿ ಐದು ಕವಲಾಗಿ ಹಣೆ, ಕಣ್ಣು, ಕೆನ್ನೆ, ಗದ್ದ, ಕತ್ತಿಗೆ ಹರಡುತ್ತದೆ. ಒಳಗೆ ಸಾವಿರಾರು ಎಳೆಗಳಿವೆ. ಏಟು ಬಿದ್ದ ಎಳೆಗಳು ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ಮತ್ತೆ ಬೆಳೆಯುತ್ತವೆ. ಬೆಳೆಯುವಾಗ ಕೆಲವು ದಾರಿ ತಪ್ಪುತ್ತವೆ. ತುಟಿಗೆ ಹೋಗಬೇಕಾದ ಎಳೆ ಕಣ್ಣಿಗೆ, ಕಣ್ಣಿನದು ಕತ್ತಿಗೆ. ಲೈನ್‌ಮನ್ ತಂತಿ ಅದಲು ಬದಲು ಮಾಡಿ ಹೋದ ಮನೆಯ ಹಾಗೆ ಅಡುಗೆಮನೆ ಸ್ವಿಚ್ ಒತ್ತಿದರೆ ಜಗಲಿಯ ದೀಪ ಹತ್ತುತ್ತದೆ. ಇದಕ್ಕೆ ಡಾಕ್ಟರುಗಳು ಸಿಂಕೈನೇಸಿಸ್ ಅನ್ನುತ್ತಾರೆ. ಸಾಮಾನ್ಯವಾಗಿ ಲಕ್ವ ಬಡಿದು ಮೂರರಿಂದ ಆರು ತಿಂಗಳಿಗೆ, 'ಅಬ್ಬಾ, ಮುಖ ವಾಪಸ್ ಬರ್ತಾ ಇದೆ' ಎಂದು ಸಮಾಧಾನ ಪಡುವ ಹೊತ್ತಿಗೇ ತಲೆ ಹಾಕುತ್ತದೆ.

ತಂತಿಯನ್ನು ಬಿಡಿಸಿ ಮತ್ತೆ ಜೋಡಿಸಲು ಆಗುವುದಿಲ್ಲ. ಬೇಡದ ದೀಪದ ಬಲ್ಬನ್ನು ಸ್ವಲ್ಪ ಸಡಿಲಿಸಬಹುದು. ಬೊಟಾಕ್ಸ್ ಮಾಡುವುದು ಅದನ್ನು. ಜೊತೆಗೆ, ಸರಿಯಿರುವ ಕಡೆಯ ಮುಖ ಇಡೀ ಬಾಯಿಯನ್ನು ತನ್ನತ್ತ ಎಳೆದುಕೊಳ್ಳುತ್ತಿದ್ದರೆ, ಅದರ ಜೋರನ್ನೂ ಒಂದಿಷ್ಟು ತಗ್ಗಿಸಿ ಎರಡು ಕಡೆಗೂ ಹೊಂದಿಕೆ ತರಬಹುದು.

ನೀವು ಯಾವ ಘಟ್ಟದಲ್ಲಿದ್ದೀರಿ?

ಇದು ಗೊತ್ತಿಲ್ಲದೆ ಬೊಟಾಕ್ಸ್ ಕೇಳಲು ಹೋಗಬೇಡಿ.

ಮುಖ ಓರೆಯಾದದ್ದು ಇವತ್ತೋ ನಿನ್ನೆಯೋ ಆಗಿದ್ದರೆ ಈ ಲೇಖನ ಮುಚ್ಚಿಟ್ಟು ಆಸ್ಪತ್ರೆಗೆ ಹೋಗಿ. ಹುಬ್ಬು ಎತ್ತಲು ಬರುತ್ತಿದ್ದು ಬಾಯಿ ಮಾತ್ರ ಸೊಟ್ಟಗಾಗಿದ್ದರೆ, ಕೈಕಾಲು ಸೋತಿದ್ದರೆ, ಮಾತು ತೊದಲುತ್ತಿದ್ದರೆ ಅದು ಮೆದುಳಿನ ಪಾರ್ಶ್ವವಾಯು ಇರಬಹುದು. 108ಕ್ಕೆ ಫೋನ್ ಮಾಡಿ. ಹಣೆಯೂ ಸೇರಿ ಅರ್ಧ ಮುಖ ಪೂರ್ತಿ ಸತ್ತಂತಿದ್ದರೆ ಮುಖದ ನರದ್ದೇ ತೊಂದರೆ ಇರುವ ಸಾಧ್ಯತೆ ಹೆಚ್ಚು. ಆದರೆ ಇದನ್ನು ಮನೆಯಲ್ಲಿ ಕುಳಿತು ತೀರ್ಮಾನಿಸುವುದು ಬೇಡ. ಕಿವಿಯ ಬಳಿ ನೀರುಗುಳ್ಳೆ ಎದ್ದು ನೋವಿದ್ದರೆ ತಪ್ಪದೆ ಹೇಳಿ. ಅದು ಸರ್ಪಸುತ್ತಿನ ವೈರಸ್ಸಿನಿಂದ ಆಗುವ ಬೇರೆ ಬಗೆ, ಚಿಕಿತ್ಸೆಯೂ ಬೇರೆ. ಸಕ್ಕರೆ ಕಾಯಿಲೆ ಇದ್ದರೆ ಅದನ್ನೂ ಹೇಳಿ, ಸ್ಟೀರಾಯ್ಡ್ ಸಕ್ಕರೆಯನ್ನು ಏರಿಸುತ್ತದೆ.

ಈ ಆರಂಭದ ದಿನಗಳಲ್ಲಿ ಬೊಟಾಕ್ಸ್‌ಗೆ ಒಂದೇ ಒಂದು ಕೆಲಸವಿದೆ, ಅದೂ ಕೆಲವರಿಗೆ ಮಾತ್ರ. ಕಣ್ಣು ಮುಚ್ಚಲಾಗದೆ ಕರಿಗುಡ್ಡೆಯ ಮೇಲಿನ ಪೊರೆ ಒಣಗಿ ಹುಣ್ಣಾಗುವ ಭಯವಿದ್ದರೆ, ಮೇಲ್ರೆಪ್ಪೆಯನ್ನು ಎತ್ತುವ ಸ್ನಾಯುವಿಗೆ ಸೂಜಿ ಹಾಕಿ ರೆಪ್ಪೆಯನ್ನು ಬೇಕೆಂದೇ ಬೀಳಿಸುತ್ತಾರೆ. ಕೆಲವು ವಾರ ಆ ರೆಪ್ಪೆಯೇ ಕಣ್ಣಿಗೆ ಬಾಗಿಲಾಗುತ್ತದೆ. ಇದು ಕಣ್ಣಿನ ತಜ್ಞರ ಕೆಲಸ. ಉಳಿದವರಿಗೆ ಹಗಲು ಕೃತಕ ಕಣ್ಣೀರಿನ ಹನಿ, ರಾತ್ರಿ ಮುಲಾಮು ಹಾಕಿ ರೆಪ್ಪೆಗೆ ಟೇಪು.

ಮೂರು ತಿಂಗಳಾದರೂ ಮುಖದಲ್ಲಿ ಒಂದು ಎಳೆಯೂ ಮಿಸುಕಾಡದಿದ್ದರೆ ಬೊಟಾಕ್ಸ್ ಅಲ್ಲ, ಮರುತಪಾಸಣೆ ಬೇಕು. ನರದ ದಾರಿಯಲ್ಲಿ ಗಡ್ಡೆ ಇದೆಯೇ ಎಂದು ಎಂಆರ್‌ಐ ಮಾಡಿಸಿ ನೋಡುತ್ತಾರೆ. ಚರ್ಮದಲ್ಲಿ ಸ್ಪರ್ಶ ತಿಳಿಯದ ಮಚ್ಚೆಗಳಿದ್ದರೆ ಅದನ್ನೂ ತೋರಿಸಿ. ಕುಷ್ಠರೋಗವೂ ಮುಖದ ನರವನ್ನು ಕೆಡಿಸಿ ಕಣ್ಣು ಮುಚ್ಚದಂತೆ ಮಾಡುತ್ತದೆ. ನಮ್ಮ ದೇಶದಲ್ಲಿ ಇದನ್ನು ಮರೆಯಬಾರದು, ಅದಕ್ಕೆ ಔಷಧಿಯೂ ಇದೆ.

ಮುಖ ಅಲ್ಲಾಡುತ್ತದೆ, ಆದರೆ ಬಿಗಿ. ನಕ್ಕರೆ ಕಣ್ಣು ಕಿರಿದಾಗುತ್ತದೆ, ಕಣ್ಣು ಮುಚ್ಚಿದರೆ ಬಾಯಿ ಎಳೆಯುತ್ತದೆ, ಗದ್ದದಲ್ಲಿ ಕಿತ್ತಳೆ ಸಿಪ್ಪೆಯಂತೆ ಗುಳಿಗಳು ಬೀಳುತ್ತವೆ, ಕತ್ತಿನಲ್ಲಿ ಹಗ್ಗ ಎದ್ದಂತೆ ಕಾಣುತ್ತದೆ: ನಿಮ್ಮ ಘಟ್ಟ ಇದಾದರೆ ಮುಂದೆ ಓದಿ. ಸಾಮಾನ್ಯವಾಗಿ ಆರು ತಿಂಗಳು ಕಳೆದು, ಯಾವ ಸ್ನಾಯು ಏನು ಮಾಡುತ್ತಿದೆ ಎಂದು ಸ್ಪಷ್ಟವಾದ ಮೇಲೆ ಈ ಚಿಕಿತ್ಸೆಗೆ ಕೈ ಹಾಕುತ್ತಾರೆ. ಹತ್ತು ವರ್ಷ ಹಳೆಯ ಲಕ್ವವಾದರೂ ತಡವಾಯಿತು ಎಂದೇನಿಲ್ಲ.

ನಿಮ್ಮ ಮುಖದ ನಕ್ಷೆ ನೀವೇ ಮಾಡಿ

ಇಡೀ ಪ್ರಕ್ರಿಯೆಯಲ್ಲಿ ಹೆಚ್ಚು ಫಲ ಕೊಡುವ ಕೆಲಸ ಇದು, ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಡಾಕ್ಟರ ಮುಂದೆ ಕುಳಿತಾಗ ಹತ್ತು ನಿಮಿಷ ಸಿಗುತ್ತದೆ. ಅಪರಿಚಿತರ ಮುಂದೆ ನಾವು ನಗುವ ನಗೆಯೂ ಬೇರೆ, ಮನೆಯಲ್ಲಿ ನಗುವ ನಗೆಯೂ ಬೇರೆ. ನನ್ನ ಮೊದಲ ಸೂಜಿ ಕೆಟ್ಟದ್ದು ಇಲ್ಲೇ.

ಬೆಳಕಿರುವ ಕಿಟಕಿಯ ಎದುರು ಕುಳಿತು, ಮೊಬೈಲನ್ನು ಕಣ್ಣಿನ ಎತ್ತರಕ್ಕೆ ಯಾವುದಕ್ಕಾದರೂ ಒರಗಿಸಿ ವಿಡಿಯೋ ಮಾಡಿ. ಕತ್ತು ಕಾಣಬೇಕು, ಸೆರಗು, ದುಪಟ್ಟಾ, ಕಾಲರ್ ಪಕ್ಕಕ್ಕಿರಲಿ. ಮೊದಲು ಏನೂ ಮಾಡದೆ ಹತ್ತು ಸೆಕೆಂಡ್ ಸುಮ್ಮನಿರಿ. ಆಮೇಲೆ ಒಂದೊಂದಾಗಿ: ಹುಬ್ಬು ಎತ್ತಿ, ನಿದ್ದೆಗೆ ಮುಚ್ಚುವ ಹಾಗೆ ಕಣ್ಣು ಮೆಲ್ಲಗೆ ಮುಚ್ಚಿ, ಸೋಪಿನ ನೀರು ಬಿದ್ದ ಹಾಗೆ ಬಿಗಿಯಾಗಿ ಮುಚ್ಚಿ, ಮೂಗು ಸುಕ್ಕಿಸಿ, ತುಟಿ ಮುಚ್ಚಿ ನಗಿ, ಹಲ್ಲು ಕಾಣುವಂತೆ ನಗಿ, ಸಿಳ್ಳೆ ಹಾಕುವಂತೆ ತುಟಿ ಮುದುರಿ, ಕೆಳಹಲ್ಲು ತೋರಿಸಿ. ಪ್ರತಿಯೊಂದರ ನಡುವೆ ಮುಖವನ್ನು ವಿಶ್ರಾಂತಿಗೆ ಬಿಡಿ. ಕೊನೆಗೆ ಪ ಫ ಬ ಭ ಮ, ಮತ್ತು 'ಬಾಳೆಹಣ್ಣು, ಮಾವಿನಹಣ್ಣು, ಪಪ್ಪಾಯಿ' ಎಂದು ಮಾಮೂಲಿ ವೇಗದಲ್ಲಿ ಹೇಳಿ.

ಇನ್ನೊಂದು ವಿಡಿಯೋ ಊಟ ಮಾಡುವಾಗಿನದು. ಊಟದ ಹೊತ್ತಿಗೆ ಆ ಕಡೆಯ ಕಣ್ಣಿನಿಂದ ನೀರು ಸುರಿಯುತ್ತಿದ್ದರೆ ಬರೆದಿಟ್ಟುಕೊಳ್ಳಿ. ಜೊಲ್ಲು ಗ್ರಂಥಿಗೆ ಹೋಗಬೇಕಾದ ಎಳೆ ಕಣ್ಣೀರಿನ ಗ್ರಂಥಿಗೆ ಸೇರಿದ್ದರ ಫಲ ಅದು. ವೈದ್ಯರ ಭಾಷೆಯಲ್ಲೂ ಅದರ ಹೆಸರು ಮೊಸಳೆ ಕಣ್ಣೀರೇ. ಬೀಗರೂಟದಲ್ಲಿ ಹೋಳಿಗೆ ಬಾಯಿಗಿಟ್ಟು ನಾನು ಅತ್ತದ್ದನ್ನು ಕಂಡು ಹುಡುಗಿಯ ತಾಯಿ ತಾನೂ ಅತ್ತುಬಿಟ್ಟರು. ಕಣ್ಣೀರಿನ ಗ್ರಂಥಿಗೇ ಸಣ್ಣ ಪ್ರಮಾಣದ ಬೊಟಾಕ್ಸ್ ಹಾಕಿ ಇದನ್ನೂ ತಡೆಯುತ್ತಾರೆ, ಆದರೆ ಅದು ಎಲ್ಲರ ಕೈಯ ಕೆಲಸವಲ್ಲ. ಕಣ್ಣಿನ ರೆಪ್ಪೆ ಮತ್ತು ಗ್ರಂಥಿಗಳ ಶಸ್ತ್ರಚಿಕಿತ್ಸೆ ಮಾಡುವವರಲ್ಲಿ ಕೇಳಬೇಕು.

ವಿಡಿಯೋ ನೋಡಿ ಒಂದು ಹಾಳೆಯ ಮೇಲೆ ಮೊಟ್ಟೆಯಾಕಾರದ ಮುಖ ಬರೆದು, ಎಳೆಯುವ ಕಡೆ ಬಾಣ ಹಾಕಿ. ಕೆಳಗೆ ನಿಮಗೆ ಹೆಚ್ಚು ಕಾಟ ಕೊಡುವ ಮೂರನ್ನು ಮಾತ್ರ, ಕ್ರಮವಾಗಿ ಬರೆಯಿರಿ. ನನ್ನ ಪಟ್ಟಿ ಹೀಗಿತ್ತು: ಓದುವಾಗ ಕಣ್ಣು ಮುಚ್ಚುವುದು, ಸಂಜೆಯ ಹೊತ್ತಿಗೆ ಕತ್ತು, ದವಡೆ ಹಿಡಿದುಕೊಂಡು ನೋಯುವುದು, ಫೋಟೋದಲ್ಲಿ ಗದ್ದದ ಗುಳಿ. ಕತ್ತಿನ ನೋವಿಗೂ ಮುಖದ ಲಕ್ವಕ್ಕೂ ಸಂಬಂಧವಿದೆ ಎಂದೇ ನನಗೆ ಆವರೆಗೆ ಹೊಳೆದಿರಲಿಲ್ಲ. ಕತ್ತಿನ ಚರ್ಮದಡಿ ಹರಡಿರುವ ಪ್ಲಾಟಿಸ್ಮಾ ಎಂಬ ಹಾಳೆಯಂಥ ಸ್ನಾಯುವೂ ಇದೇ ನರದ ಮಾತು ಕೇಳುವುದು.

ಯಾರ ಹತ್ತಿರ ಹೋಗಬೇಕು, ಏನು ಕೇಳಬೇಕು

ಸುಕ್ಕು ತೆಗೆಯಲು ಬೊಟಾಕ್ಸ್ ಹಾಕುವವರು ಈಗ ಜಿಲ್ಲಾ ಕೇಂದ್ರಗಳಲ್ಲೂ ಇದ್ದಾರೆ. ಅವರಲ್ಲಿ ಒಳ್ಳೆಯವರೂ ಇದ್ದಾರೆ. ಆದರೆ ಸುಕ್ಕಿನ ಮುಖಕ್ಕೆ ಎಡಬಲ ಒಂದೇ ಲೆಕ್ಕ, ನಮ್ಮ ಮುಖಕ್ಕೆ ಎಡಕ್ಕೊಂದು ಬಲಕ್ಕೊಂದು ಲೆಕ್ಕ. ಮುಖದ ಲಕ್ವ ನೋಡಿ ಅಭ್ಯಾಸವಿರುವ ನರರೋಗ ತಜ್ಞರು, ಪ್ಲಾಸ್ಟಿಕ್ ಸರ್ಜನ್, ಕಣ್ಣಿನ ಪ್ಲಾಸ್ಟಿಕ್ ಸರ್ಜನ್ ಅಥವಾ ಕಿವಿ-ಮೂಗು-ಗಂಟಲಿನವರು ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ, ದೊಡ್ಡ ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ನರರೋಗ ವಿಭಾಗಗಳಲ್ಲಿ ವಿಚಾರಿಸಿ. ಬ್ಯೂಟಿ ಪಾರ್ಲರಿನಲ್ಲಿ, ಮನೆಗೆ ಬಂದು ಹಾಕಿಕೊಡುತ್ತೇನೆ ಎನ್ನುವವರ ಕೈಯಲ್ಲಿ ಖಂಡಿತ ಬೇಡ.

ಕೇಳುವ ಪ್ರಶ್ನೆ ನಾಲ್ಕೇ ನಾಲ್ಕು. ಸಿಂಕೈನೇಸಿಸ್‌ಗೆ ಎಷ್ಟು ಜನಕ್ಕೆ ಹಾಕಿದ್ದೀರಿ? ನನ್ನ ಮುಖದಲ್ಲಿ ಯಾವ ಯಾವ ಸ್ನಾಯುವಿಗೆ, ಯಾವ ಕಡೆ ಹಾಕುತ್ತೀರಿ? ಎರಡು ವಾರದ ನಂತರ ನೋಡುತ್ತೀರಾ? ಮುಖದ ವ್ಯಾಯಾಮ ಹೇಳಿಕೊಡುವ ಫಿಸಿಯೋಥೆರಪಿಸ್ಟ್ ನಿಮ್ಮ ಜೊತೆ ಇದ್ದಾರೆಯೇ? ಎರಡನೆಯ ಪ್ರಶ್ನೆಗೆ ಮುಖ ಮುಟ್ಟಿ ತೋರಿಸಿ ಉತ್ತರ ಕೊಡುವವರ ಬಳಿ ನಿಲ್ಲಿ.

ನನ್ನ ಮೊದಲ ಸಲದ ಡಾಕ್ಟರು ವಿಡಿಯೋ ಕೇಳಲಿಲ್ಲ, ನಾನೂ ತೋರಿಸಲಿಲ್ಲ. ನಗುವಾಗ ಬಾಯಿ ಮೇಲಕ್ಕೆ ಬಿಗಿದಂತೆ ಕಂಡಿತೆಂದು ಕೆನ್ನೆಯಿಂದ ತುಟಿಯ ಮೂಲೆಗೆ ಇಳಿಯುವ, ನಗುವನ್ನು ಎತ್ತುವ ಸ್ನಾಯುವಿಗೇ ಹಾಕಿದರು. ಐದನೇ ದಿನಕ್ಕೆ ತುಟಿಯ ಮೂಲೆ ಜಾರಿತು. ಏಳು ವಾರ ಕಾಫಿ ಲೋಟದಿಂದ ಸೀದಾ ಗದ್ದಕ್ಕೆ. ಎತ್ತಿ ಕುಡಿಯುವುದು ಗೊತ್ತಿದ್ದರಿಂದ ನೀರಿನದು ಹೇಗೋ ನಡೆಯಿತು. ಕೆಟ್ಟದ್ದು ತಾನಾಗಿಯೇ ಇಳಿದುಹೋಯಿತು ನಿಜ, ಆ ಏಳು ವಾರ ಮಾತ್ರ ಲಕ್ವ ಮರಳಿ ಬಂದಂತೆಯೇ ಇತ್ತು. ಅನುಭವಿಗಳು ಆ ಸ್ನಾಯುವನ್ನು ಮೊದಲ ಸಲ ಮುಟ್ಟಲು ಹಿಂಜರಿಯುತ್ತಾರೆ, ಮುಟ್ಟಿದರೂ ಕಣದಷ್ಟು.

ಇವನ್ನು ಡಾಕ್ಟರಿಗೆ ಮೊದಲೇ ಹೇಳಲೇಬೇಕು: ಮಯಾಸ್ತೀನಿಯಾ ಗ್ರೇವಿಸ್‌ನಂಥ ಸ್ನಾಯು ಸೋಲುವ ಕಾಯಿಲೆ, ಬಸಿರು, ಎದೆಹಾಲು ಕುಡಿಸುತ್ತಿರುವುದು, ಹತ್ತಿರದಲ್ಲಿ ಜೆಂಟಾಮೈಸಿನ್, ಅಮಿಕಾಸಿನ್ ಜಾತಿಯ ಆಂಟಿಬಯೋಟಿಕ್ ಇಂಜೆಕ್ಷನ್ ತೆಗೆದುಕೊಂಡದ್ದು, ರಕ್ತ ತೆಳುವಾಗಿಸುವ ಮಾತ್ರೆ, ಹಸುವಿನ ಹಾಲಿನ ಪ್ರೋಟೀನಿನ ಅಲರ್ಜಿ (ಇದೇ ಔಷಧಿಯ ಡಿಸ್ಪೋರ್ಟ್ ಎಂಬ ಬ್ರ್ಯಾಂಡ್‌ನಲ್ಲಿ ಅದರ ಅಂಶ ಇರಬಹುದು), ಹಿಂದೆ ಮುಖಕ್ಕೆ ಆದ ಆಪರೇಷನ್. ರಕ್ತದ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಮುಖ ಸ್ವಲ್ಪ ನೀಲಿಗಟ್ಟಿದರೆ ಗಂಟೇನೂ ಹೋಗುವುದಿಲ್ಲ, ಹೃದಯದ ಮಾತ್ರೆ ತಪ್ಪಿದರೆ ಕಷ್ಟ.

ಹಣದ ಮಾತು. ಕೆಲವರು ಯೂನಿಟ್ ಲೆಕ್ಕದಲ್ಲಿ, ಕೆಲವರು ಇಡೀ ಬಾಟಲಿಯ ಲೆಕ್ಕದಲ್ಲಿ ಬಿಲ್ ಮಾಡುತ್ತಾರೆ. ಮುಖಕ್ಕೆ ಬೇಕಾದ್ದು ಬಾಟಲಿಯ ಒಂದು ಪಾಲು ಮಾತ್ರ, ಆದ್ದರಿಂದ ಮೊದಲೇ ಕೇಳಿ. ಒಂದೇ ದಿನ ಹಲವು ರೋಗಿಗಳನ್ನು ಕರೆಯುವ ಕಡೆ ಪ್ರತಿಯೊಬ್ಬರಿಗೂ ಹೊಸ ಸಿರಿಂಜ್, ಹೊಸ ಸೂಜಿ ಎನ್ನುವುದನ್ನು ಕಣ್ಣಾರೆ ನೋಡಿ. 'ಬೊಟಾಕ್ಸ್' ಎಂಬ ಪದ ಕಂಡೊಡನೆ ವಿಮೆಯವರು ಸೌಂದರ್ಯ ಚಿಕಿತ್ಸೆ ಎಂದು ಅರ್ಜಿ ಬದಿಗೆ ಸರಿಸಬಹುದು. ಮುಖದ ನರದ ಲಕ್ವದ ನಂತರದ ತೊಂದರೆಗೆ ಇದು ಚಿಕಿತ್ಸೆ ಎಂದು ಡಾಕ್ಟರಿಂದ ಪತ್ರ ಬರೆಸಿಕೊಂಡು, ಸೂಜಿಗೆ ಮೊದಲೇ ಅನುಮತಿ ಕೇಳಿ.

ವಿಷವೇ ಔಷಧಿಯಾದ ಕಥೆ, ಚುಟುಕಾಗಿ

ಮನೆಯ ಹಿರಿಯರಿಗೆ 'ವಿಷ ಹಾಕಿಸ್ಕೊಳ್ತಾಳಂತೆ' ಎಂಬ ಭಯ ಇರುತ್ತದೆ. ಸುಳ್ಳಲ್ಲ. ಕೆಟ್ಟ ಆಹಾರದಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ವಿಷವೇ ಇದು. 1820ರ ದಶಕದಲ್ಲಿ ಜರ್ಮನಿಯ ವೈದ್ಯ ಜಸ್ಟಿನಸ್ ಕೆರ್ನರ್ ಕೆಟ್ಟ ಸಾಸೇಜ್ ತಿಂದು ಸತ್ತವರ ಬಗ್ಗೆ ಬರೆದು, ಈ ವಿಷವನ್ನು ಮುಂದೆ ಔಷಧಿಯಾಗಿಯೂ ಬಳಸಬಹುದೇನೋ ಎಂದು ಯೋಚಿಸಿದ್ದ. ಲ್ಯಾಟಿನ್ನಿನಲ್ಲಿ ಬೊಟುಲಸ್ ಅಂದರೆ ಸಾಸೇಜು. ಅದನ್ನು ನಿಜ ಮಾಡಿದವರು ಸ್ಯಾನ್ ಫ್ರಾನ್ಸಿಸ್ಕೋದ ಕಣ್ಣಿನ ಡಾಕ್ಟರ್ ಅಲನ್ ಸ್ಕಾಟ್. ಮೆಳ್ಳೆಗಣ್ಣಿಗೆ ಪ್ರಯೋಗಿಸಿ 1980ರಲ್ಲಿ ಪ್ರಕಟಿಸಿದರು. 1989ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಮೊದಲ ಪರವಾನಗಿ ಸಿಕ್ಕಿದ್ದು ಮೆಳ್ಳೆಗಣ್ಣಿಗೆ ಮತ್ತು ರೆಪ್ಪೆಯ ಸೆಳೆತಕ್ಕೆ. ಸುಕ್ಕಿನ ಪರವಾನಗಿ ಅಲ್ಲಿ ಬಂದದ್ದು 2002ರಲ್ಲಿ. ಅಂದರೆ ನಮ್ಮಂಥವರು ಸಿನಿಮಾ ತಾರೆಯರ ಔಷಧಿಯನ್ನು ಎರವಲು ಪಡೆದಿಲ್ಲ, ಅವರು ನಮ್ಮದನ್ನು ಪಡೆದದ್ದು. ಆದರೂ ಸಿಂಕೈನೇಸಿಸ್‌ಗೆ ಬಳಸುವುದು ಡಬ್ಬಿಯ ಚೀಟಿಯಲ್ಲಿ ಬರೆದಿರುವ ಉಪಯೋಗಗಳ ಪಟ್ಟಿಯಲ್ಲಿ ಇರುವುದಿಲ್ಲ; ವೈದ್ಯರು ತಮ್ಮ ವಿವೇಚನೆಯ ಮೇಲೆ ಬಳಸುತ್ತಾರೆ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಓದಿ ಸಹಿ ಮಾಡಿ.

ಸೂಜಿಯ ದಿನ

ಖಾಲಿ ಹೊಟ್ಟೆ ಬೇಕಿಲ್ಲ, ತಿಂಡಿ ತಿಂದೇ ಹೋಗಿ. ಮುಖಕ್ಕೆ ಕ್ರೀಮು, ಪೌಡರು ಬೇಡ. ನಕ್ಷೆಯ ಹಾಳೆ, ವಿಡಿಯೋ, ಹಳೆಯ ಚೀಟಿಗಳು ಕೈಯಲ್ಲಿರಲಿ.

ಬಾಟಲಿ ನೋಡಿದರೆ ಖಾಲಿ ಅನ್ನಿಸುತ್ತದೆ. ತಳದಲ್ಲಿ ಬೂದಿ ಸವರಿದಂಥ ತೆಳು ಪದರ, ಅಷ್ಟೇ. ನರ್ಸ್ ಅದಕ್ಕೆ ಸಲೈನ್ ಬಿಟ್ಟು, ಕುಲುಕದೆ, ಮೆಲ್ಲಗೆ ತಿರುಗಿಸಿ ಕರಗಿಸುತ್ತಾರೆ. 100 ಯೂನಿಟ್ಟಿನ ಬಾಟಲಿಗೆ 2 ಮಿಲಿಲೀಟರ್ ಸಲೈನ್ ಹಾಕಿದರೆ ಸಿರಿಂಜಿನ 0.1 ಮಿಲಿಲೀಟರಿನಲ್ಲಿ 5 ಯೂನಿಟ್. 4 ಮಿಲಿಲೀಟರ್ ಹಾಕಿದರೆ ಅದೇ ಅಳತೆಯಲ್ಲಿ 2.5 ಯೂನಿಟ್. ಈ ಲೆಕ್ಕ ನಿಮಗೆ ಯಾಕೆಂದರೆ, 'ಹೋದ ಸಲ ಇಷ್ಟೇ ಹನಿ ಹಾಕಿದ್ದರು' ಎಂದು ಹೇಳಿ ಪ್ರಯೋಜನವಿಲ್ಲ, ಯೂನಿಟ್ ಹೇಳಬೇಕು. ಬ್ರ್ಯಾಂಡ್‌ನಿಂದ ಬ್ರ್ಯಾಂಡ್‌ಗೆ ಯೂನಿಟ್ಟೂ ಬೇರೆ. ಡಿಸ್ಪೋರ್ಟಿನ 10 ಯೂನಿಟ್ ಬೊಟಾಕ್ಸಿನ 10 ಯೂನಿಟ್ಟಿಗೆ ಸಮವಲ್ಲ. ಬ್ರ್ಯಾಂಡ್, ಬ್ಯಾಚ್ ಸಂಖ್ಯೆ, ಯಾವ ಜಾಗಕ್ಕೆ ಎಷ್ಟು ಯೂನಿಟ್ ಎಂಬುದನ್ನು ಅವತ್ತೇ ನಿಮ್ಮ ನಕ್ಷೆಯ ಮೇಲೆ ಬರೆಸಿಕೊಳ್ಳಿ.

ಡಾಕ್ಟರು ಮತ್ತೆ ನಗಿಸಿ, ಕಣ್ಣು ಮುಚ್ಚಿಸಿ ಪೆನ್ಸಿಲಿನಿಂದ ಚುಕ್ಕೆ ಇಡುತ್ತಾರೆ. ಕೆಲವರು ಸೂಜಿಯ ತುದಿಗೇ ತಂತಿ ಜೋಡಿಸಿ ಸ್ನಾಯುವಿನ ವಿದ್ಯುತ್ ಸದ್ದು ಕೇಳಿಕೊಂಡು ಹಾಕುತ್ತಾರೆ. ಅದಿಲ್ಲದೆ ಚೆನ್ನಾಗಿ ಹಾಕುವವರೂ ಇದ್ದಾರೆ. ಸೂಜಿ ಇನ್ಸುಲಿನ್ ಸೂಜಿಯಷ್ಟು ಸಣ್ಣದು. ಕೆಂಜಿಗ ಕಚ್ಚಿದ ಹಾಗೆ ಒಂದು ಕ್ಷಣ. ಮೂಗಿನ ಪಕ್ಕ, ಗದ್ದದ ಮೇಲೆ ಸ್ವಲ್ಪ ಜಾಸ್ತಿ ಉರಿ, ಕತ್ತಿನಲ್ಲಿ ಗೊತ್ತೇ ಆಗುವುದಿಲ್ಲ.

ನನಗೆ ಎರಡನೇ ಸಲ, ಬೇರೆ ಡಾಕ್ಟರ ಕೈಯಲ್ಲಿ, ಬೊಟಾಕ್ಸ್ 22 ಯೂನಿಟ್ ಬಿತ್ತು: ಎಡಗಣ್ಣಿನ ಹೊರ ಅಂಚಿಗೂ ಕೆಳಗೂ ಸೇರಿ 5, ಗದ್ದಕ್ಕೆ 4, ಕತ್ತಿನ ಎರಡು ಎಳೆಗೆ 10, ಬಲಗಡೆ, ಹೌದು, ಸರಿಯಿರುವ ಕಡೆ, ಹಣೆಗೆ 3. ಎಡಹುಬ್ಬು ಏಳುವುದಿಲ್ಲ, ಬಲಹುಬ್ಬು ಮಾತ್ರ ಬಿಲ್ಲಿನಂತೆ ಏರಿ ಮುಖ ಸದಾ ಪ್ರಶ್ನೆ ಕೇಳುತ್ತಿರುವಂತೆ ಕಾಣುತ್ತಿತ್ತು, ಅದನ್ನು ಇಳಿಸಿದರು. ಇದು ನನ್ನ ಮುಖದ ಲೆಕ್ಕ, ನಿಮ್ಮದು ಬೇರೆಯೇ ಇರುತ್ತದೆ. ಕತ್ತು ತಿರುಚುವ ಡಿಸ್ಟೋನಿಯಾದವರಿಗೆ 200 ಯೂನಿಟ್ ಆಸುಪಾಸು ಹಾಕುತ್ತಾರೆ ಎಂದರೆ ನಮ್ಮದು ಎಷ್ಟು ಸಣ್ಣದೆಂದು ತಿಳಿಯುತ್ತದೆ. ಮೊದಲ ಸಲ ಕಡಿಮೆಯೇ ಇರಲಿ. ಕಡಿಮೆಯಾದದ್ದನ್ನು ಸೇರಿಸಬಹುದು, ಹಾಕಿದ್ದನ್ನು ತೆಗೆಯಲು ಯಾವ ಔಷಧಿಯೂ ಇಲ್ಲ.

ಮನೆಗೆ ಬಂದ ಮೇಲೆ

ಅವತ್ತು ಮುಖ ಉಜ್ಜಬೇಡಿ. ಎಣ್ಣೆ ಸ್ನಾನ, ಫೇಷಿಯಲ್, ಬಿಗಿ ಹೆಲ್ಮೆಟ್ ಪಟ್ಟಿ ಒಂದು ದಿನ ಮುಂದಕ್ಕೆ ಹಾಕಿ. ನಾಲ್ಕು ಗಂಟೆ ಮಲಗಬೇಡಿ, ಬಗ್ಗಿ ನೆಲ ಒರೆಸಬೇಡಿ ಎನ್ನುತ್ತಾರೆ. ಅದಕ್ಕೆ ಗಟ್ಟಿ ಪುರಾವೆ ಇಲ್ಲ, ಆದರೆ ನೆಲ ಒರೆಸದಿರಲು ಒಳ್ಳೆಯ ನೆಪ, ನಾನಂತೂ ಚಾಚೂ ತಪ್ಪದೆ ಪಾಲಿಸುತ್ತೇನೆ. ಹಣೆಗೆ ಕುಂಕುಮ ಇಡಲು ತೊಂದರೆಯಿಲ್ಲ, ಒತ್ತಿ ತಿಕ್ಕಬೇಡಿ.

ಮೊದಲ ಎರಡು ದಿನ ಏನೂ ಆಗದು. ದುಡ್ಡು ದಂಡವಾಯಿತು ಅಂದುಕೊಳ್ಳುವ ಹೊತ್ತಿಗೆ, ಮೂರರಿಂದ ಏಳನೇ ದಿನದೊಳಗೆ, ಬಿಗಿತ ಸಡಿಲವಾಗತೊಡಗುತ್ತದೆ. ಎರಡು ವಾರಕ್ಕೆ ಪೂರ್ತಿ ಪರಿಣಾಮ. ನನಗೆ ಮೊದಲು ತಿಳಿದದ್ದು ಕತ್ತಿನಲ್ಲಿ: ಬಹಳ ದಿನ ಬಿಗಿದಿಟ್ಟ ರವಿಕೆಯ ಹುಕ್ಕು ಬಿಚ್ಚಿದ ಹಾಗೆ.

ಕಣ್ಣಿನ ಸುತ್ತ ಹಾಕಿಸಿಕೊಂಡವರು ಕೃತಕ ಕಣ್ಣೀರಿನ ಹನಿಯನ್ನು ನಿಲ್ಲಿಸಬಾರದು. ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗಬಹುದು. ರಾತ್ರಿ ನಿದ್ದೆಯಲ್ಲಿ ಕಣ್ಣು ಅರೆತೆರೆದಿದೆಯೇ ಎಂದು ಮನೆಯವರಿಗೆ ನೋಡಲು ಹೇಳಿ. ತೆರೆದಿದ್ದರೆ ಮುಲಾಮು, ಟೇಪು, ಮತ್ತು ಮರುದಿನವೇ ಡಾಕ್ಟರಿಗೆ ಫೋನು. ರೆಪ್ಪೆ ಜೋತು ಬೀಳುವುದು, ಎರಡೆರಡು ಕಾಣುವುದು, ತುಟಿ ಜಾರುವುದು ಆಗಬಹುದು. ತಿಳಿಸಿ, ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಇಳಿಯುತ್ತವೆ. ಕತ್ತಿಗೆ ಹಾಕಿಸಿಕೊಂಡವರು ಮೊದಲ ಎರಡು ವಾರ ನುಂಗುವಾಗ ಗಮನವಿಡಿ. ಮುದ್ದೆ ಅಗಿಯದೆ ನುಂಗುವ ನಮ್ಮ ಹಾಸನದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕು: ತುತ್ತು ಸಣ್ಣದಿರಲಿ, ಸಾರು ಜಾಸ್ತಿ ಇರಲಿ. ನುಂಗಲು ನಿಜವಾಗಿಯೂ ಕಷ್ಟವಾದರೆ, ದನಿ ಬದಲಾದರೆ, ಉಸಿರು ಕಟ್ಟಿದಂತಾದರೆ, ಕೈಕಾಲಿನಲ್ಲಿ ಬಲ ಕುಂದಿದರೆ, ಅದು ಸೂಜಿಯಾಗಿ ಒಂದೆರಡು ವಾರದ ಮೇಲಾದರೂ ಸರಿ, ಕಾಯದೆ ತುರ್ತು ವಿಭಾಗಕ್ಕೆ ಹೋಗಿ. ಅಪರೂಪ, ಆದರೆ ಡಬ್ಬಿಯ ಮೇಲೆ ಎಚ್ಚರಿಕೆ ಬರೆಸುವಷ್ಟು ಗಂಭೀರ.

ಹದಿನಾಲ್ಕನೇ ದಿನ ಅದೇ ಕಿಟಕಿ, ಅದೇ ಕ್ರಮದಲ್ಲಿ ವಿಡಿಯೋ ಮಾಡಿ.

ಸೂಜಿ ಕೊಟ್ಟ ಬಿಡುವಿನಲ್ಲಿ ಮುಖಕ್ಕೆ ಪಾಠ

ಪರಿಣಾಮ ಮೂರರಿಂದ ನಾಲ್ಕು ತಿಂಗಳು ನಿಲ್ಲುತ್ತದೆ. ಬೇಡದ ಸ್ನಾಯು ಸುಮ್ಮನಿರುವ ಈ ಅವಧಿಯಲ್ಲೇ ಬೇಕಾದ ಸ್ನಾಯುವಿಗೆ ಒಂಟಿಯಾಗಿ ಕೆಲಸ ಮಾಡಲು ಕಲಿಸಬೇಕು. ಬರೀ ಸೂಜಿ ಹಾಕಿಸಿಕೊಂಡು ಸುಮ್ಮನೆ ಕುಳಿತರೆ ನಾಲ್ಕು ತಿಂಗಳಿಗೊಮ್ಮೆ ಬಾಡಿಗೆ ಕಟ್ಟಿದ ಹಾಗಾಗುತ್ತದೆ.

ಇಲ್ಲಿ ನಮ್ಮ ಕಡೆ ಧಾರಾಳವಾಗಿ ಸಿಗುವ ಮೂರು ಸಲಹೆಗಳನ್ನು ಬಿಡಬೇಕು. ಬಲೂನ್ ಊದು, ಚೂಯಿಂಗ್ ಗಮ್ ಅಗಿ, ಕರೆಂಟ್ ಕೊಡಿಸು. ಅಗಿಯುವ ಸ್ನಾಯುವಿಗೆ ಹೋಗುವುದು ಬೇರೆಯೇ ನರ, ಮುಖದ ನರವಲ್ಲ. ಎಷ್ಟು ಅಗಿದರೂ ನಗು ಬರದು. ಬಲೂನು ಊದಲು ಇಡೀ ಮುಖ ಒಟ್ಟಿಗೆ ಜೋರು ಹಾಕುತ್ತದೆ, ನಮಗೆ ಬಿಡಿಸಬೇಕಾದದ್ದೇ ಆ ಒಟ್ಟಿಗೆ ಎಳೆಯುವ ಚಟವನ್ನು. ವಿದ್ಯುತ್ ಪ್ರಚೋದನೆಯನ್ನು ಸಿಂಕೈನೇಸಿಸ್ ಶುರುವಾದ ಮುಖಕ್ಕೆ ಹೆಚ್ಚಿನ ಮುಖ-ಪುನರ್ವಸತಿ ತಜ್ಞರು ಒಪ್ಪುವುದಿಲ್ಲ. ನಾನು ಎರಡು ತಿಂಗಳು ಕರೆಂಟ್ ಕೊಡಿಸಿಕೊಂಡೆ, ಬಲೂನೂ ಊದಿದೆ. ಮಕ್ಕಳ ಹುಟ್ಟುಹಬ್ಬಕ್ಕೆ ಉಪಯೋಗವಾಯಿತು.

ಮಾಡಬೇಕಾದ್ದು ಸಣ್ಣದು, ನಿಧಾನದ್ದು. ಕನ್ನಡಿ ಮುಂದೆ ಕುಳಿತು ಲಕ್ವ ಬಡಿದ ಕಡೆಯ ಕಣ್ಣಿನ ಮೇಲೆ ಗಮನವಿಟ್ಟು ತುಟಿ ಮುಚ್ಚಿ ಕಾಲುಭಾಗ ನಗಿ. ಕಣ್ಣು ಕಿರಿದಾಗಲು ಶುರುವಾದ ಕ್ಷಣವೇ ನಿಲ್ಲಿ. ಅದಕ್ಕಿಂತ ಒಂದು ಎಳೆ ಹಿಂದೆ ನಿಮ್ಮ ಇವತ್ತಿನ ಗಡಿ. ಅಲ್ಲಿ ಐದು ಸೆಕೆಂಡ್ ಹಿಡಿದು ಬಿಡಿ. ಹತ್ತು ಸಲ, ದಿನಕ್ಕೆ ಎರಡು ಹೊತ್ತು. ನನ್ನ ಫಿಸಿಯೋ ಹೇಳಿಕೊಟ್ಟ ಇನ್ನೊಂದು: ಪ್ರತಿ ಅಕ್ಷರಕ್ಕೂ ಉಸಿರು ಬಿಟ್ಟು, ಪಿಸುಮಾತಿನಲ್ಲಿ 'ಪ… ಬ… ಮ…', ಕಣ್ಣು ಅಗಲ ಇಟ್ಟುಕೊಂಡು. ಕೆನ್ನೆ ಗಟ್ಟಿಯಾಗಿದ್ದರೆ ತೊಳೆದ ಹೆಬ್ಬೆರಳನ್ನು ಬಾಯೊಳಗೆ, ಉಳಿದ ಬೆರಳನ್ನು ಕೆನ್ನೆಯ ಹೊರಗೆ ಇಟ್ಟು, ಬಿಗಿ ಇರುವ ಗಂಟು ಹುಡುಕಿ ಮೆಲ್ಲಗೆ ಹಿಗ್ಗಿಸಿ ಹಿಡಿಯಿರಿ. ಚಪಾತಿ ಹಿಟ್ಟು ನಾದುವ ಜೋರು ಬೇಡ. ಹತ್ತು ನಿಮಿಷ ಮೀರಿದರೆ ಮುಖ ದಣಿದು ಮತ್ತೆ ಬಿಗಿಯುತ್ತದೆ.

ನನಗೆ ಮೂರನೇ ಸೂಜಿಯ ಹೊತ್ತಿಗೆ ಕಣ್ಣಿಗೆ 5ರ ಬದಲು 3 ಯೂನಿಟ್ ಸಾಕಾಯಿತು. ಎಲ್ಲರಿಗೂ ಹೀಗೆ ಇಳಿಯುತ್ತದೆ ಎಂದು ಹೇಳಲಾರೆ.

ಎರಡನೇ ಸಲಕ್ಕೆ

ಬಿಗಿತ ಮರಳಿತೆಂದು ಎರಡೇ ತಿಂಗಳಿಗೆ ಓಡಬೇಡಿ. ಎರಡು ಸೂಜಿಗಳ ನಡುವೆ ಕನಿಷ್ಠ ಮೂರು ತಿಂಗಳಿರಬೇಕು. ಪದೇ ಪದೇ, ಜಾಸ್ತಿ ಜಾಸ್ತಿ ಹಾಕಿಸಿಕೊಂಡರೆ ಮೈ ಅದರ ವಿರುದ್ಧ ಪ್ರತಿಕಾಯ ಬೆಳೆಸಿಕೊಂಡು ಔಷಧಿ ನಾಟದೇ ಹೋಗಬಹುದು. ಹೋಗುವಾಗ ಮೂರು ವಿಡಿಯೋ ಜೊತೆಗಿರಲಿ: ಸೂಜಿಗೆ ಮುಂಚಿನದು, ಹದಿನಾಲ್ಕನೇ ದಿನದ್ದು, ಈಗಿನದು. ಡಾಕ್ಟರು ಸನ್ನಿಬ್ರೂಕ್ ಎಂಬ 100 ಅಂಕದ ಅಳತೆಯಲ್ಲಿ ಮುಖಕ್ಕೆ ಅಂಕ ಹಾಕುವವರಾದರೆ ಆ ಅಂಕವನ್ನೂ ಬರೆದಿಡಿ. ಯಾವುದು ಚೆನ್ನಾಗಿತ್ತು, ಯಾವುದು ಅತಿಯಾಯಿತು, ಯಾವ ವಾರದಿಂದ ಇಳಿಯಿತು ಎಂದು ಹೇಳಿದರೆ ಅವರು ಅರ್ಧ ಯೂನಿಟ್, ಒಂದು ಯೂನಿಟ್ ಲೆಕ್ಕದಲ್ಲಿ ತಿದ್ದುತ್ತಾರೆ. ಎರಡು ಮೂರು ಸುತ್ತಿನಲ್ಲಿ ನಿಮ್ಮ ಮುಖದ ಅಳತೆ ಕೂತುಕೊಳ್ಳುತ್ತದೆ, ಹಳೇ ದರ್ಜಿಯ ಹತ್ತಿರ ಅಳತೆ ಬಟ್ಟೆ ಇಟ್ಟ ಹಾಗೆ. ಅದಕ್ಕೇ ಡಾಕ್ಟರನ್ನು ಪದೇ ಪದೇ ಬದಲಿಸದಿರುವುದು ಒಳ್ಳೆಯದು. ಬದಲಿಸಲೇಬೇಕಾದರೆ ಆ ನಕ್ಷೆಯ ಹಾಳೆ ಕೊಂಡೊಯ್ಯಿರಿ.

ವರ್ಷಗಟ್ಟಲೆ ಹಾಕಿಸಿಕೊಂಡು ಬೇಸತ್ತವರಿಗೆ, ತಪ್ಪು ದಾರಿ ಹಿಡಿದ ಕವಲುಗಳನ್ನು ಆರಿಸಿ ಕತ್ತರಿಸುವ ಶಸ್ತ್ರಚಿಕಿತ್ಸೆಯಿದೆ. ನಗುವೇ ಇಲ್ಲದ ಸತ್ತ ಮುಖಕ್ಕೆ ತೊಡೆಯ ಸ್ನಾಯು ತಂದು ಕೂರಿಸುವುದೂ ಇದೆ. ಅವು ಬೇರೆ ಊರಿನ ದಾರಿಗಳು, ನಾನು ಹೋಗಿಲ್ಲ.

ತಾರೀಕು ಗೊತ್ತುಮಾಡುವಾಗ ಒಂದು ವಿಷಯ ನೋಡಿಕೊಳ್ಳಿ. ಮದುವೆಯೋ ಸಭೆಯೋ ಇದ್ದರೆ ಅದಕ್ಕೆ ಮೂರು ವಾರ ಮೊದಲು ಸೂಜಿ ಬಿದ್ದಿರಲಿ. ಹಿಂದಿನ ದಿನ ಹಾಕಿಸಿಕೊಂಡರೆ ನೀಲಿ ಕಲೆ ಒಂದೇ ಲಾಭ. ನನ್ನ ಮುಂದಿನದು ದಸರಾ ರಜೆ ಶುರುವಾಗುವ ದಿನ. ರಜೆ ಮುಗಿದು ಸ್ಕೂಲು ತೆರೆದಾಗ ಎಂಟನೇ ಕ್ಲಾಸಿಗೆ ಪದ್ಯ ಓದಬೇಕು, ಪವರ್ಗ ಸಾಲುಸಾಲಾಗಿ ಬರುವ ಪದ್ಯ.